ಸೀಲಿಯಾಕ್ ಮತ್ತು ಹಾಸ್ಟೆಲ್ ಮೆಸ್: ಗೋಧಿ ಬಿಟ್ಟರೂ ಟಿಟಿಜಿ ಇಳಿಯುತ್ತಿಲ್ಲ

ಮೊದಲ_ಸೆಮಿಸ್ಟರ್:
ಬಯಾಪ್ಸಿಯಲ್ಲಿ ಸೀಲಿಯಾಕ್ ಖಚಿತವಾಗಿ ಎಂಟು ತಿಂಗಳು. ಗೋಧಿ, ಬಾರ್ಲಿ, ರೈ (ಗೋಧಿ ಥರದ್ದೇ ಧಾನ್ಯ) ಇವುಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್‌ನಿಂದ ಕರುಳಿಗೆ ಪೆಟ್ಟಾಗುವ ಕಾಯಿಲೆ. ಗೋಧಿ ಪೂರ್ತಿ ಬಂದ್. ಮೆಸ್‌ನಲ್ಲಿ ಅನ್ನ, ತರಕಾರಿ, ಮೊಟ್ಟೆ, ಕರಿದ ಆಲೂಗಡ್ಡೆ, ಸೂಪ್ ಅಷ್ಟೇ. ಆದರೂ ಟಿಟಿಜಿ ಐಜಿಎ (ಈ ಕಾಯಿಲೆಯಲ್ಲಿ ರಕ್ತದಲ್ಲಿ ಏರುವ ಪ್ರತಿಕಾಯ) ಸ್ವಲ್ಪವೇ ಇಳಿದಿದೆ, ಕಬ್ಬಿಣಾಂಶ ಇನ್ನೂ ಕಡಿಮೆ. ಕೋಣೆಯಲ್ಲಿ ಒಲೆ ಇಡುವಂತಿಲ್ಲ. ಮಹಡಿಗೆಲ್ಲ ಒಂದೇ ಮೈಕ್ರೊವೇವ್. ಎಲ್ಲಿ ತಪ್ಪುತ್ತಿದೆ? ಮೆಸ್‌ನವರನ್ನು ಏನಂತ ಕೇಳಬೇಕು?

ಸೌಟು_ಬೇರೆ:
ನಿಮ್ಮ ಪಟ್ಟಿಯಲ್ಲೇ ಎರಡು ಅನುಮಾನದವು ಇವೆ. ಕರಿದ ಆಲೂಗಡ್ಡೆ, ಸೂಪ್.

ಅದೇ ಎಣ್ಣೆಯಲ್ಲಿ ಹಿಟ್ಟು ಹಚ್ಚಿದ್ದೋ ಬ್ರೆಡ್ ಪುಡಿ ಹೊರಳಿಸಿದ್ದೋ ಕರಿದಿದ್ದರೆ ಆಲೂಗಡ್ಡೆಗೂ ಗ್ಲುಟೆನ್ ಅಂಟುತ್ತದೆ. ಎಣ್ಣೆ ಎಷ್ಟೇ ಕಾದರೂ ಅದು ಸುಟ್ಟು ಹೋಗುವುದಿಲ್ಲ. ಸೂಪ್ ಗಟ್ಟಿಯಾಗಿದ್ದರೆ ಏನು ಹಾಕಿ ಗಟ್ಟಿ ಮಾಡಿದ್ದಾರೆ ಎಂದು ಕೇಳಿ: ಮೈದಾ ಆದರೆ ಬೇಡ, ಮೆಕ್ಕೆಜೋಳದ ಪಿಷ್ಟ (ಕಾರ್ನ್‌ಫ್ಲೋರ್) ಆದರೆ ಸರಿ. ಸೋಯಾ ಸಾಸ್‌ನಲ್ಲಿ ಸಾಮಾನ್ಯವಾಗಿ ಗೋಧಿ ಇರುತ್ತದೆ. ಮಾಲ್ಟ್ ಎಂದರೆ ಬಹುಪಾಲು ಬಾರ್ಲಿ.

ಅಳತೆ ಹೀಗಿದೆ. ಹೆಚ್ಚಿನವರಿಗೆ ಗ್ಲುಟೆನ್ ದಿನಕ್ಕೆ 10 ಮಿ.ಗ್ರಾಂ ಒಳಗಿದ್ದರೆ ತೊಂದರೆ ಇಲ್ಲ, 50 ಮಿ.ಗ್ರಾಂ ದಿನವೂ ಹೊಟ್ಟೆಗೆ ಹೋದರೆ ಮೂರೇ ತಿಂಗಳಲ್ಲಿ ಕರುಳಿಗೆ ಪೆಟ್ಟು. ಒಂದು ಬ್ರೆಡ್ ತುಂಡಿನಲ್ಲಿ ಸುಮಾರು 2 ಗ್ರಾಂ ಗ್ಲುಟೆನ್ ಅಂದುಕೊಳ್ಳಿ. ಅದನ್ನು 200 ಚೂರು ಮಾಡಿದರೆ ಒಂದೊಂದು ಚೂರೂ 10 ಮಿ.ಗ್ರಾಂ. ನೂಡಲ್ಸ್ ಬಡಿಸಿದ ಸೌಟನ್ನೇ ಅನ್ನದ ಪಾತ್ರೆಗೆ ಅದ್ದಿದರೆ ಅಷ್ಟು ಸಾಕು. ಡಬ್ಬಿಗಳ ಮೇಲಿನ 'ಗ್ಲುಟೆನ್ ರಹಿತ' ಅಂದರೆ ಬಹಳ ದೇಶಗಳಲ್ಲಿ ಕಿಲೋಗೆ 20 ಮಿ.ಗ್ರಾಂ ಮೀರಬಾರದು ಎಂಬ ಮಿತಿ. 'ಗೋಧಿ ಇಲ್ಲ' ಅನ್ನುವುದೇ ಬೇರೆ, ಅದರಲ್ಲಿ ಬಾರ್ಲಿಯೋ ರೈಯೋ ಇರಬಹುದು.

ಬಿಳಿ_ಕೋಟು:
ಟಿಟಿಜಿ ಬಗ್ಗೆ ಗಾಬರಿ ಬೇಡ. ಶುರುವಿನಲ್ಲಿ ತುಂಬ ಹೆಚ್ಚಿದ್ದರೆ ಸಹಜಕ್ಕೆ ಬರಲು ಒಂದು ವರ್ಷ ದಾಟುವುದುಂಟು. ಒಂದು ಅಂಕಿ ನೋಡಬೇಡಿ, ಇಳಿಜಾರು ನೋಡಿ. ಪ್ರತಿ ಸಲ ಒಂದೇ ಲ್ಯಾಬ್‌ನಲ್ಲಿ ಮಾಡಿಸಿ, ಯಾಕೆಂದರೆ ಲ್ಯಾಬ್ ಬದಲಾದರೆ ಅಳತೆಗೋಲೂ ಬದಲಾಗುತ್ತದೆ. ಉಲ್ಟಾ ಕೂಡ ನಿಜ: ಟಿಟಿಜಿ ಸಹಜಕ್ಕೆ ಬಂದ ಮಾತ್ರಕ್ಕೆ ಆಗಾಗ ಒಳಹೋಗುವ ಸಣ್ಣ ಚೂರುಗಳು ಇಲ್ಲವೆಂದಲ್ಲ. ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12, ಫೋಲೇಟ್, ವಿಟಮಿನ್ ಡಿ ಜೊತೆಗೇ ನೋಡಿಸಿ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿದರೆ ಅದನ್ನೆಲ್ಲ ಗ್ಲುಟೆನ್ ತಲೆಗೆ ಕಟ್ಟಬೇಡಿ. ಕರುಳು ಮಾಗುವವರೆಗೆ ಲ್ಯಾಕ್ಟೋಸ್ (ಹಾಲಿನಲ್ಲಿರುವ ಸಕ್ಕರೆ) ಅರಗದೆ ಇರಬಹುದು.

ಗ್ಲುಟೆನ್ ಅರಗಿಸುತ್ತೇವೆ ಎಂದು ಮಾರುವ ಎಂಜೈಮ್ ಮಾತ್ರೆ ನಂಬಿ ಹೊರಗೆ ತಿನ್ನಬೇಡಿ.

ಮೆಸ್_ಸಮಿತಿ:
'ನನಗೆ ಗ್ಲುಟೆನ್ ಆಗಲ್ಲ' ಅಂದರೆ ಅಡುಗೆಯವರಿಗೆ ಅದು ಡಯೆಟ್ ಅನಿಸುತ್ತದೆ. ಮೊದಲು ವೈದ್ಯರ ಪತ್ರ ವಾರ್ಡನ್‌ಗೆ, ಅದರ ನಕಲು ಮೆಸ್ ಮ್ಯಾನೇಜರ್‌ಗೆ. ಆಮೇಲೆ ಸಣ್ಣ ಸಣ್ಣ ಬೇಡಿಕೆ ಇಡಿ: ಸಾಲು ಶುರುವಾಗುವ ಮೊದಲೇ ನಿಮ್ಮ ಪಾಲು ಮುಚ್ಚಳದ ಡಬ್ಬಿಯಲ್ಲಿ ತೆಗೆದಿಡಲಿ, ಹೊಸ ಪಾತ್ರೆಯಿಂದ, ತೊಳೆದ ಸೌಟಿನಿಂದ. ಪ್ರತ್ಯೇಕ ಅಡುಗೆಮನೆ ಕೇಳಿದರೆ ಆಗಲ್ಲ ಅಂತಾರೆ, ಡಬ್ಬಿ ಕೇಳಿದರೆ ಆಗುತ್ತೆ. 'ಇದರಲ್ಲಿ ಗ್ಲುಟೆನ್ ಇದೆಯಾ?' ಅನ್ನಬೇಡಿ, 'ಈ ಪಾತ್ರೆಯಲ್ಲಿ ಇದಕ್ಕೂ ಮುಂಚೆ ಏನು ಬೇಯಿಸಿದ್ರಿ?' ಅನ್ನಿ. ನೂಡಲ್ಸ್ ಬೇಯಿಸಿದ ನೀರಿನಲ್ಲೇ ತರಕಾರಿ ಬೇಯಿಸುವುದು ಈ ಪ್ರಶ್ನೆಗೇ ಸಿಗುವುದು.

ಪರೀಕ್ಷೆ ದಿನ ಹೊಟ್ಟೆ ಕೆಟ್ಟರೆ ಏನು ಮಾಡಬೇಕು ಅನ್ನುವುದನ್ನೂ ಅದೇ ಪತ್ರದಲ್ಲಿ ಬರೆಸಿ, ಸೆಮಿಸ್ಟರ್ ಶುರುವಿಗೇ ಕಾಲೇಜಿಗೆ ಕೊಟ್ಟಿಡಿ.

ಮೊದಲ_ಸೆಮಿಸ್ಟರ್:
ಸೂಪ್‌ಗೆ ಮೈದಾ ಹಾಕ್ತಾರಂತೆ, ಕೇಳಿ ಬಂದೆ. ಮೈಕ್ರೊವೇವ್? ಓಟ್ಸ್?

ಸೌಟು_ಬೇರೆ:
ಸಿಕ್ಕಿತಲ್ಲ ಒಂದು! ಮೈಕ್ರೊವೇವ್ ತೊಂದರೆ ಇಲ್ಲ, ನಿಮ್ಮದೇ ಬಟ್ಟಲಿಗೆ ಮುಚ್ಚಳ ಹಾಕಿ, ಕೆಳಗೆ ನಿಮ್ಮದೇ ತಟ್ಟೆ ಇಡಿ. ಹಂಚಿಕೊಂಡ ಟೋಸ್ಟರ್ ಬೇಡವೇ ಬೇಡ. ಬೆಣ್ಣೆ, ಜಾಮ್ ಬಾಟಲಿ ನಿಮ್ಮದೇ ಇರಲಿ. ಬ್ರೆಡ್‌ಗೆ ಸವರಿದ ಚಾಕು ಒಮ್ಮೆ ಅದ್ದಿದರೆ ಇಡೀ ಬಾಟಲಿ ಹೋಯಿತು. ಸ್ಟೀಲ್ ಪಾತ್ರೆ ಸೋಪು ಹಾಕಿ ತೊಳೆದರೆ ಸಾಕು, ಮರದ ಸೌಟು, ಜರಡಿ, ತಿಕ್ಕುವ ಸ್ಪಾಂಜು ಮಾತ್ರ ನಿಮ್ಮದೇ ಬೇರೆ ಇರಲಿ. ಕೈಗೂ ಸೋಪೇ, ಸ್ಯಾನಿಟೈಸರ್ ಕೀಟಾಣು ಕೊಲ್ಲುತ್ತದೆ, ಗ್ಲುಟೆನ್ ತೆಗೆಯುವುದಿಲ್ಲ.

ಬಿಳಿ_ಕೋಟು:
ಓಟ್ಸ್‌ಗೆ ಹೊಲದಲ್ಲಿ, ಗಿರಣಿಯಲ್ಲಿ ಗೋಧಿ ಬೆರೆಯುತ್ತದೆ, ಹಾಗಾಗಿ ಗ್ಲುಟೆನ್ ರಹಿತ ಎಂದು ಬರೆದದ್ದೇ ಬೇಕು. ಶುದ್ಧ ಓಟ್ಸೂ ಕೆಲವರಿಗೆ ಆಗುವುದಿಲ್ಲ. ಟಿಟಿಜಿ ಇಳಿಯುವವರೆಗೆ ಬಿಟ್ಟಿರಿ, ಆಮೇಲೆ ವೈದ್ಯರಿಗೆ ಹೇಳಿ ಅದೊಂದನ್ನೇ ಸೇರಿಸಿ ನೋಡಿ. ಹೊಸದಾಗಿ ಎರಡು ಒಟ್ಟಿಗೆ ಶುರು ಮಾಡಿದರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ.