ಐವಿಎಫ್ ಯಶಸ್ಸಿನ ಶೇಕಡಾವಾರು ಲೆಕ್ಕವನ್ನು ಓದುವುದು ಹೇಗೆ?

ಪ್ರಶ್ನೆ (ಜಯನಗರದ ಸದಸ್ಯೆ): ಸರ್, ನನಗೆ 36 ವರ್ಷ. ಅಂಡಾಣುವನ್ನು ದೇಹದ ಹೊರಗೆ ಫಲಗೊಳಿಸಿ ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆಯಾದ ಐವಿಎಫ್‌ಗಾಗಿ ಬೆಂಗಳೂರಿನ ಎರಡು ಕೇಂದ್ರಗಳಲ್ಲಿ ವಿಚಾರಿಸಿದೆವು. ಒಂದು ಕೇಂದ್ರ ಹೇಳುವ ಯಶಸ್ಸಿನ ಪ್ರಮಾಣ ಇನ್ನೊಂದರದ್ದಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ ಇದೆ. ನನ್ನ ಎಎಂಎಚ್ (ಅಂಡಾಶಯದಲ್ಲಿ ಉಳಿದಿರುವ ಅಂಡಾಣುಗಳ ಸಂಗ್ರಹವನ್ನು ಸೂಚಿಸುವ ಹಾರ್ಮೋನು) ಕಡಿಮೆ ಎಂದೂ ಹೇಳಿದ್ದಾರೆ. ಸಂಖ್ಯಾಶಾಸ್ತ್ರಜ್ಞರಾಗಿ ತಾವು ಈ ಅಂಕಿಗಳನ್ನು ಹೇಗೆ ನೋಡುತ್ತೀರಿ?

ಉತ್ತರ: ಮೇಡಂ, ಇಬ್ಬರಲ್ಲಿ ಯಾರೂ ಸುಳ್ಳು ಹೇಳದೆಯೇ ಇಷ್ಟು ವ್ಯತ್ಯಾಸ ಬರಬಹುದು. ಲೆಕ್ಕಕ್ಕೆಂದು 100 ಮಹಿಳೆಯರು ಅಂಡಾಣು ಬೆಳೆಸುವ ಚುಚ್ಚುಮದ್ದು ಆರಂಭಿಸಿದರು, ಅಂಡಾಣು ಸಿಗದೆ ಅಥವಾ ಭ್ರೂಣ ಬೆಳೆಯದೆ ಹೋಗಿ 70 ಮಂದಿಗೆ ಮಾತ್ರ ಭ್ರೂಣ ವರ್ಗಾವಣೆಯಾಯಿತು, ಅವರಲ್ಲಿ 35 ಮಂದಿಯ ಗರ್ಭಧಾರಣೆಯ ರಕ್ತಪರೀಕ್ಷೆ ಪಾಸಿಟಿವ್ ಬಂದು ಕೊನೆಗೆ 25 ಮಂದಿಗೆ ಮಗು ಹುಟ್ಟಿತು ಎಂದಿಟ್ಟುಕೊಳ್ಳಿ. ವರ್ಗಾವಣೆಯಾದವರಲ್ಲಿ ಪಾಸಿಟಿವ್ ಬಂದವರನ್ನು ಎಣಿಸಿದರೆ ಶೇಕಡಾ 50, ಆರಂಭಿಸಿದವರಲ್ಲಿ ಮಗು ಪಡೆದವರನ್ನು ಎಣಿಸಿದರೆ ಶೇಕಡಾ 25. ಜಾಹೀರಾತಿನಲ್ಲಿ ಯಾವುದು ಬರುತ್ತದೆಂದು ನಾನು ಹೇಳಬೇಕಾಗಿಲ್ಲ.

ಭಾಗಿಸುವ ಸಂಖ್ಯೆ ಒಂದೇ ಆದರೂ, ಚಿಕಿತ್ಸೆಗೆ ಬಂದವರು ಯಾರು ಎಂಬುದು ಉಳಿಯುತ್ತದೆ. ಸ್ವಂತ ಅಂಡಾಣು ಬಳಸುವಾಗ ಫಲಿತಾಂಶವನ್ನು ಎಲ್ಲಕ್ಕಿಂತ ಹೆಚ್ಚು ನಿರ್ಧರಿಸುವುದು ಮಹಿಳೆಯ ವಯಸ್ಸು; ವಯಸ್ಸಾದಂತೆ ಅಂಡಾಣುಗಳಲ್ಲಿ ವರ್ಣತಂತುಗಳ ದೋಷ ಹೆಚ್ಚುತ್ತದೆ. ದಾನಿಯ ಅಂಡಾಣುವಾದರೆ ದಾನಿಯ ವಯಸ್ಸೇ ಮುಖ್ಯ. ಆದ್ದರಿಂದ ಕಿರಿಯರನ್ನು ಹೆಚ್ಚು ಚಿಕಿತ್ಸಿಸುವ, ಇಲ್ಲವೆ ದಾನಿ ಅಂಡಾಣುವಿನ ಪ್ರಕರಣಗಳನ್ನೂ ಒಟ್ಟಿಗೆ ಸೇರಿಸಿ ಹೇಳುವ ಕೇಂದ್ರದ ಅಂಕಿ ತಾನಾಗಿಯೇ ಮೇಲೇರುತ್ತದೆ.

ಎಎಂಎಚ್ ವಿಷಯದಲ್ಲಿ ಅಷ್ಟು ಗಾಬರಿ ಬೇಡ. ಅದು ಎಷ್ಟು ಅಂಡಾಣು ದೊರೆಯಬಹುದೆಂದು ಚೆನ್ನಾಗಿ ಸೂಚಿಸುತ್ತದೆಯೇ ಹೊರತು ಅವುಗಳ ಗುಣಮಟ್ಟವನ್ನಲ್ಲ. ವಯಸ್ಸಿನೊಂದಿಗೆ ಅದೂ ಇಳಿಯುವುದರಿಂದ, ಎಎಂಎಚ್ ಒಂದನ್ನೇ ಫಲಿತಾಂಶಕ್ಕೆ ಹೋಲಿಸಿದಾಗ ವಯಸ್ಸಿನ ಪ್ರಭಾವವೂ ಅದರ ಖಾತೆಗೆ ಸೇರಿಬಿಡುತ್ತದೆ. ಹಲವು ಅಂಶಗಳ ಪ್ರಭಾವವನ್ನು ಬೇರ್ಪಡಿಸಿ ಅಳೆಯುವ ಲೆಕ್ಕದ ವಿಧಾನವಾದ ಲಾಜಿಸ್ಟಿಕ್ ರಿಗ್ರೆಷನ್‌ನಲ್ಲಿ ಎರಡನ್ನೂ ಒಟ್ಟಿಗೆ ಇಟ್ಟರೆ ಎಎಂಎಚ್‌ನ ಪಾಲು ಸಾಕಷ್ಟು ಕುಗ್ಗುತ್ತದೆ.

ಮರುಪ್ರಶ್ನೆ: ಮೂರು ಸಲ ಮಾಡಿಸಿದರೆ ಒಟ್ಟು ಅವಕಾಶ ಬಹಳ ಹೆಚ್ಚೆಂದು ಪಟ್ಟಿ ತೋರಿಸಿದರು. ಅದು ನಿಜವೇ?

ಉತ್ತರ: ಹೆಚ್ಚುವುದು ನಿಜ, ಆದರೆ ಎಷ್ಟು ಎಂಬುದು ನಡುವೆ ಬಿಟ್ಟುಹೋದವರನ್ನು ಹೇಗೆ ಎಣಿಸಿದ್ದಾರೆ ಎಂಬುದರ ಮೇಲಿದೆ. ಮುಂದುವರಿದವರಷ್ಟೇ ಅವಕಾಶ ಅವರಿಗೂ ಇತ್ತೆಂದು ಭಾವಿಸಿದರೆ ಅಂಕಿ ಉಬ್ಬುತ್ತದೆ, ಏಕೆಂದರೆ ಭರವಸೆ ಕಡಿಮೆಯೆಂದು ವೈದ್ಯರು ಹೇಳಿದ ಮೇಲೆ ನಿಲ್ಲಿಸಿದವರೂ ಅವರಲ್ಲಿರುತ್ತಾರೆ. ನಿಮ್ಮ ವಯಸ್ಸಿನ ಗುಂಪಿನಲ್ಲಿ, ಸ್ವಂತ ಅಂಡಾಣುವಿನಿಂದ, ಆರಂಭಿಸಿದ ಎಷ್ಟು ಮಂದಿಗೆ ಎಷ್ಟು ಹೆರಿಗೆ ಎಂಬುದನ್ನು ಶೇಕಡಾವಾರಿನಲ್ಲಲ್ಲ, ಮೂಲ ಸಂಖ್ಯೆಯಲ್ಲೇ ಕೇಳಿ. 20ರಲ್ಲಿ 8 ಮತ್ತು 20ರಲ್ಲಿ 5 ಎಂದು ಬಂದರೆ, ಆ ವ್ಯತ್ಯಾಸ ಬರೀ ಆಕಸ್ಮಿಕವೂ ಇರಬಹುದು.