'ದಿ' ಇಲ್ಲದ ಭಾಷೆಯಲ್ಲಿ ರಸೆಲ್‌ನ ಬೋಳು ರಾಜ

ಹೊಸ ಓದುಗ: ಇಂಗ್ಲಿಷ್ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ 1905ರಲ್ಲಿ 'ಮೈಂಡ್' ಎಂಬ ತತ್ವಶಾಸ್ತ್ರದ ಪತ್ರಿಕೆಗೆ ಬರೆದ 'ಆನ್ ಡಿನೋಟಿಂಗ್' ಓದಿದೆ. "ಫ್ರಾನ್ಸಿನ ಈಗಿನ ರಾಜ ಬೋಳುತಲೆಯವನು" ಎಂಬುದು ಅದರ ಉದಾಹರಣೆ. ಆಗ ಫ್ರಾನ್ಸಿಗೆ ರಾಜನೇ ಇರಲಿಲ್ಲ, ಹಾಗಾದರೆ ಈ ವಾಕ್ಯ ನಿಜವೋ ಸುಳ್ಳೋ ಎಂಬುದು ಪ್ರಶ್ನೆ. ವಾದವೆಲ್ಲ 'ಇಂಥ ಒಬ್ಬನೇ' ಎಂದು ಸೂಚಿಸುವ ಇಂಗ್ಲಿಷಿನ 'ದಿ' (the) ಮೇಲೆ ನಿಂತಿದೆ, ಕನ್ನಡದಲ್ಲಿ ಅಂಥ ಪದವೇ ಇಲ್ಲ. ಇದು ತತ್ವಶಾಸ್ತ್ರವೋ, ಇಂಗ್ಲಿಷ್ ವ್ಯಾಕರಣವೋ?

ತರ್ಕದ ಮೇಷ್ಟ್ರು: ರಸೆಲ್ 'ದಿ'ಯನ್ನು ಹೊತ್ತು ಮೆರೆಸಲಿಲ್ಲ, ಕರಗಿಸಿದ. ಬಿಡಿಸಿದರೆ ಮೂರು ಮಾತು: ಒಬ್ಬ ರಾಜನಿದ್ದಾನೆ, ಒಬ್ಬನೇ ಇದ್ದಾನೆ, ಅವನು ಬೋಳು. ಮೊದಲನೆಯದೇ ಸುಳ್ಳಾದ್ದರಿಂದ ಇಡೀ ವಾಕ್ಯ ಸುಳ್ಳು. ವಾಕ್ಯದ ಹೊರರೂಪಕ್ಕೆ ಮೋಸಹೋಗಬೇಡಿ ಎಂದವನನ್ನೇ ವ್ಯಾಕರಣದ ದಾಸ ಎನ್ನುತ್ತೀರಲ್ಲ!

ಜಗಳಗಂಟ: ಸುಳ್ಳು ಎನ್ನಲು ಯಾರಿಗೆ ಬಾಯಿ ಬರುತ್ತದೆ? "ಯಾವ ರಾಜ?" ಎಂದೇ ಕೇಳುತ್ತೇವೆ. 1950ರಲ್ಲಿ ಅದೇ 'ಮೈಂಡ್'ನಲ್ಲಿ ತತ್ವಜ್ಞಾನಿ ಸ್ಟ್ರಾಸನ್ ಹೇಳಿದ್ದೂ ಅದನ್ನೇ: ರಾಜನಿಲ್ಲದಿದ್ದರೆ ನಿಜ-ಸುಳ್ಳಿನ ಪ್ರಶ್ನೆಯೇ ಏಳುವುದಿಲ್ಲ.

ಸಾಗರದವಳು: ಸ್ಟ್ರಾಸನ್‌ಗೂ ಮೊದಲು ಜರ್ಮನ್ ತರ್ಕಶಾಸ್ತ್ರಜ್ಞ ಫ್ರೇಗೆ ಇದ್ದಾನೆ. 1892ರ ಲೇಖನದಲ್ಲಿ ಅವನ ಉದಾಹರಣೆ, "ಗ್ರಹಪಥ ದೀರ್ಘವೃತ್ತವೆಂದು ಕಂಡುಹಿಡಿದವನು ಕಡುಕಷ್ಟದಲ್ಲಿ ಸತ್ತ". ಇದು ಖಗೋಳಶಾಸ್ತ್ರಜ್ಞ ಕೆಪ್ಲರ್‌ನನ್ನು ಕುರಿತ ಮಾತು. ಅಂಥವನೊಬ್ಬ ಇದ್ದ ಎಂಬುದು ಆ ವಾಕ್ಯ ಹೇಳುವ ಸಂಗತಿಯಲ್ಲ, ಮೊದಲೇ ಒಪ್ಪಿಕೊಂಡು ಹೊರಟ ಸಂಗತಿ ಎನ್ನುತ್ತಾನೆ ಫ್ರೇಗೆ. ನಮ್ಮ 'ಕಂಡುಹಿಡಿದವನು' ನೋಡಿ: 'ದಿ'ಯ ಕೆಲಸವನ್ನು ಒಂದು '-ಅವನು' ಸದ್ದಿಲ್ಲದೆ ಮಾಡಿ ಮುಗಿಸಿದೆ.

ಹೊಸ ಓದುಗ: ಇದು ಹೊಳೆದಿರಲಿಲ್ಲ.

ತರ್ಕದ ಮೇಷ್ಟ್ರು: ಫ್ರೇಗೆಯ ದಾರಿ ಹಿಡಿದರೆ ಇಲ್ಲದ ರಾಜನ ವಾಕ್ಯ ನಿಜವೂ ಅಲ್ಲ, ಸುಳ್ಳೂ ಅಲ್ಲದೆ ಉಳಿಯುತ್ತದೆ. ಆ ಅತಂತ್ರವನ್ನು ಕಳೆಯಲೆಂದೇ ರಸೆಲ್ ಹೆಣಗಿದ್ದು. ಬೋಳರ ಪಟ್ಟಿಯಲ್ಲೂ ಬೋಳರಲ್ಲದವರ ಪಟ್ಟಿಯಲ್ಲೂ ರಾಜ ಸಿಗುವುದಿಲ್ಲ, ಎದುರುಬದುರಾದ ಎರಡನ್ನೂ ಕೂಡಿಸಿ ಒಂದು ಮಾಡುವ ಹೆಗೆಲ್‌ವಾದಿಗಳಾದರೆ ಅವನು ವಿಗ್ ಹಾಕಿಕೊಂಡಿದ್ದಾನೆ ಎಂದುಬಿಡುತ್ತಾರೆ ಎಂದು ಅವನೇ ನಗುತ್ತಾನೆ. ಅವನ ಪರಿಹಾರ: ಅಲ್ಲಗಳೆಯುವ ಬಗೆ ಎರಡು.

ಸಾಗರದವಳು: ಅದಕ್ಕೆ ಕನ್ನಡದಲ್ಲಿ 'ಅಲ್ಲ', 'ಇಲ್ಲ' ಎಂಬ ಎರಡು ಪದಗಳೇ ಇವೆಯಲ್ಲ, ಮೇಷ್ಟ್ರೇ! "ಫ್ರಾನ್ಸಿನ ರಾಜ ಬೋಳುತಲೆಯವನಲ್ಲ" ಎಂದರೆ ರಾಜನನ್ನು ಒಪ್ಪಿಕೊಂಡ ಹಾಗೆ, ರಸೆಲ್ ಲೆಕ್ಕದಲ್ಲಿ ಸುಳ್ಳು. "ಬೋಳುತಲೆಯ ರಾಜ ಫ್ರಾನ್ಸಿಗೆ ಇಲ್ಲ" ಎಂದರೆ ನಿಜ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ 'ನಾಟ್', ಅವನು ವಾಕ್ಯವನ್ನೇ ಬಿಡಿಸಿ ಬರೆಯಬೇಕಾಯಿತು.

ಜಗಳಗಂಟ: ಅವಸರ ಬೇಡ. "ರಾಜ ಮಲಗಿಲ್ಲ" ಎಂದಾಗ ಬಂದಿರುವುದು 'ಇಲ್ಲ'ವೇ, ರಾಜ ಮಾತ್ರ ಇದ್ದೇ ಇದ್ದಾನೆ.

ಸಾಗರದವಳು: ಅದು ಸರಿ. ಕ್ರಿಯಾಪದಕ್ಕೆ ಹೋದರೆ ನನ್ನ ಲೆಕ್ಕ ಕೆಡುತ್ತದೆ.