ಆಫೀಸಿನಲ್ಲಿ ಯೇಸುವಿನ ಬಗ್ಗೆ ಮಾತಾಡಲು ಧೈರ್ಯ ಬರ್ತಿಲ್ಲ

ವೈಟ್‌ಫೀಲ್ಡ್ ವಿಶ್ವಾಸಿ: ಊಟದ ಹೊತ್ತಲ್ಲಿ ಸಹೋದ್ಯೋಗಿಗಳು "ಚರ್ಚ್‌ನಲ್ಲಿ ಏನ್ ಮಾಡ್ತೀರಿ?" ಅಂದರೆ ಬಾಯಿ ಕಟ್ಟಿಹೋಗುತ್ತೆ. ಎಲ್ಲಿಂದ ಶುರು ಮಾಡಲಿ? ಕಾನೂನಿನ ಭಯವೂ ಇದೆ.

ಸಭಾಸೇವಕ: ಕೇಳಿದವರಿಗೆ ಉತ್ತರ ಕೊಡುವುದೇ ಒಳ್ಳೆಯ ಆರಂಭ. ಬೈಬಲಿನ 1 ಪೇತ್ರ 3:15 ಹೇಳುವುದೂ ಅದನ್ನೇ: ಸಿದ್ಧರಾಗಿರಿ, ಆದರೆ ಸೌಮ್ಯವಾಗಿ, ಗೌರವದಿಂದ. ಎರಡು ನಿಮಿಷದ ಸಾಕ್ಷಿ, ಅಂದರೆ ನೀವು ನಂಬಿಕೆಗೆ ಬಂದ ಅನುಭವ, ಬರೆದಿಟ್ಟುಕೊಳ್ಳಿ. ಅಪೊಸ್ತಲರ ಕೃತ್ಯಗಳು 26ರಲ್ಲಿ ಅಪೊಸ್ತಲ ಪೌಲ ಅಗ್ರಿಪ್ಪ ರಾಜನ ಮುಂದೆ ಮಾತಾಡಿದ ಕ್ರಮ ನೋಡಿ: ಮೊದಲು ಹೇಗಿದ್ದ, ಕ್ರಿಸ್ತ ಹೇಗೆ ಎದುರಾದ, ಆಮೇಲೆ ಏನು ಬದಲಾಯಿತು. ಬರೆದದ್ದನ್ನು ಗಟ್ಟಿಯಾಗಿ ಓದಿ. ಸಭೆಯೊಳಗಷ್ಟೇ ಬಳಸುವ ಪದ ಬಂದರೆ ಮನೆಮಾತಿನಲ್ಲಿ ಬಿಡಿಸಿ ಹೇಳಿ. ಇನ್ನು ಅಂಜಿಕೆ? ಧೈರ್ಯಕ್ಕಾಗಿ ಪ್ರಾರ್ಥಿಸಿ ಅಂತ ಪೌಲನೇ ಎಫೆಸ 6:19ರಲ್ಲಿ ಕೇಳಿಕೊಂಡಿದ್ದಾನೆ, ನೀವೂ ಕೇಳಿ.

ಶಿವಾಜಿನಗರ ವಕೀಲ: ಸಂವಿಧಾನದ 25ನೇ ವಿಧಿ ಧರ್ಮಪ್ರಚಾರದ ಹಕ್ಕು ಕೊಡುತ್ತದೆ, ಸಾರ್ವಜನಿಕ ಸುವ್ಯವಸ್ಥೆಗೆ ಒಳಪಟ್ಟು. ಇನ್ನೊಬ್ಬರನ್ನು ಮತಾಂತರಿಸುವುದು ಆ ಹಕ್ಕಿನಲ್ಲಿ ಸೇರಿಲ್ಲ ಅಂತ 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ನಂಬಿಕೆ ಹಂಚಿಕೊಳ್ಳಿ, ಒತ್ತಾಯ ಬೇಡವೇ ಬೇಡ. ಕೆಲಸ, ಹಣ, ಸ್ಕೂಲ್ ಸೀಟು, ಯಾವ ಆಮಿಷವೂ ಆ ಮಾತಿನ ಹತ್ತಿರ ಸುಳಿಯಬಾರದು. ನಿಮ್ಮ ಕೈಕೆಳಗೆ ಕೆಲಸ ಮಾಡುವವರ ಹತ್ತಿರ ನೀವಾಗಿ ವಿಷಯ ಎತ್ತಬೇಡಿ, "ಬೇಡ ಸಾರ್" ಅನ್ನೋದು ಅವರಿಗೆ ಕಷ್ಟ.

ಹೆಣ್ಣೂರು ಅಕ್ಕ: ಸಹೋದ್ಯೋಗಿಗಳ ದೇವರನ್ನು ಟೀಕಿಸಬೇಡಿ, ಮಾತು ಅಲ್ಲಿಗೇ ಮುರಿದುಬೀಳುತ್ತೆ. ಉತ್ತರ ಗೊತ್ತಿಲ್ಲದಿದ್ದರೆ "ನೋಡಿ ಹೇಳ್ತೀನಿ" ಅನ್ನಿ, ಆ ವಾರವೇ ಹೇಳಿ. ಓದೋಕೆ ಕೇಳಿದರೆ ಬೈಬಲಿನಲ್ಲಿ ಯೇಸುವಿನ ಜೀವನ ಹೇಳುವ ಮಾರ್ಕನ ಸುವಾರ್ತೆ ಕೊಡಿ. ಬರೀ 16 ಅಧ್ಯಾಯ, ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು.